ಏಪ್ರಿಲ್ ಐದೋ, ಮೇ ನಾಲ್ಕೋ

ನಮ್ಮ ಕಚೇರಿಯಲ್ಲಿ ಪಹಣಿಯ ಕಂಪ್ಯೂಟರ್ ನಡೆಸುತ್ತಿದ್ದ ಹಿರಿಯರು ಅರ್ಧ ಆಯುಷ್ಯ ಕೈಬರಹದ ದಫ್ತರಗಳಲ್ಲಿ ಕಳೆದವರು. ದಿನವೂ ಸಂಜೆ ದಾಖಲೆಗಳ ನಕಲನ್ನು ಟೇಪಿಗೆ ಇಳಿಸಿ, ಅದರ ಮೇಲೆ ತಾರೀಖನ್ನು ಖರೀದಿಪತ್ರದ ಗಾಂಭೀರ್ಯದಿಂದ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತಿದ್ದರು. ನಾವು ನಕ್ಕರೆ, "ಬರೇ ಅಂಕಿ ನಂಬಬ್ಯಾಡ್ರಿ, ಅದಕ್ಕ ಅಕ್ಷರದ ಜಾಮೀನು ಬೇಕು" ಎನ್ನುತ್ತಿದ್ದರು.

ಒಂದು ಮೇ ತಿಂಗಳ ಮೊದಲ ವಾರದಲ್ಲಿ ಯಂತ್ರ ಕೆಟ್ಟು ದಾಖಲೆಗಳೆಲ್ಲ ಅಳಿಸಿಹೋದವು. ದುರಸ್ತಿಯಾದ ಮೇಲೆ "05-04ರ ಟೇಪು ಹಾಕಿ" ಎಂಬ ಟೈಪಾದ ಸೂಚನೆ ಮೇಲಿನಿಂದ ಬಂತು. ಮೇಲಿನಿಂದ ಬಂದದ್ದರ ಬಗ್ಗೆ ಯೋಚಿಸುವುದು ಅಶಿಸ್ತು ಎಂದು ನಂಬಿದ್ದ ನಾನು ಏಪ್ರಿಲ್ ಐದರ ಟೇಪು ತೆಗೆದೆ. ಅವರು ನನ್ನ ಮುಂಗೈ ಹಿಡಿದರು.

"ತಡೀರಿ. ಇದು ಏಪ್ರಿಲ್ ಐದೋ, ಮೇ ನಾಲ್ಕೋ?"

"ಯಾವುದಾದ್ರೇನ್ರಿ?"

ಅವರು ಕಿಟಕಿಯಾಚೆ ಕಾಯುತ್ತಿದ್ದ ತಂಬ್ರಹಳ್ಳಿಯ ಹೆಂಗಸನ್ನು ತೋರಿಸಿದರು. ಗಂಡನ ಹೊಲ ಆಕೆಯ ಹೆಸರಿಗೆ ಬಂದದ್ದು ಏಪ್ರಿಲ್ ಕೊನೆಗೆ.

"ನಿಮ್ಮ ಟೇಪು ಹಾಕಿದ್ರ ಹೊಲ ಮತ್ತ ಆಕಿ ಗಂಡನ ಹೆಸರಿಗೆ ಹೊಕ್ಕೈತಿ. ಸತ್ತಾತಗ ಹೊಲ ಕೊಡಾಕ ನೀವ್ಯಾರ್ರಿ?"

ಫೋನು ಮಾಡಿ ಕೇಳಿದೆವು. ಸೂಚನೆ ಬರೆದವರು ತಿಂಗಳನ್ನು ಮೊದಲು ಹಾಕುವ ಯಂತ್ರದ ಪದ್ಧತಿ ಹಿಡಿದಿದ್ದರು; ಅದು ಮೇ ನಾಲ್ಕು.

ಸರಿಯಾದ ಟೇಪು ಏರಿಸಿ, ಮೊದಲ ಪಹಣಿಯನ್ನು ಹಿರಿಯರೇ ಆಕೆಗೆ ಕೊಟ್ಟರು. ಓದು ಬಾರದ ಆಕೆ ಹಾಳೆಯನ್ನು ತಿರುಗಿಸಿ ನೋಡಿ, "ಇದರಾಗ ನಾ ಎಲ್ಲಿ ಅದೀನ್ರಿ?" ಎಂದಳು.

ಅವರು ಆಕೆಯ ಹೆಸರಿನ ಕೆಳಗೆ ಬೆರಳಿಟ್ಟರು.

"ಇಲ್ಲೇ ಅದೀಯವ್ವಾ. ಎಲ್ಲೂ ಹೋಗಿಲ್ಲ."