ಅಕ್ಕ ಓಟು ತೀರ್ಮಾನಿಸಿದ್ದು

ಮತದಾನದ ದಿನ, ಬೆಳಗ್ಗೆ ಎಂಟು ಗಂಟೆ. ಭದ್ರಾವತಿಯ ಮತಗಟ್ಟೆಯ ಮುಂದೆ ನಾನು ಮತ್ತು ನನ್ನ ಅಕ್ಕ. ಸ್ಕೂಟರ್ ನಿಲ್ಲಿಸಿ ಸಾಲು ತೋರಿಸಿದರೆ ಅವಳು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ತಡಿ ಮಾರಾಯ, ಯಾರಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ."

ಶಿವಮೊಗ್ಗಕ್ಕೆ ಮರಳಿ ನನ್ನ ಓಟನ್ನೂ ಹಾಕಬೇಕಿತ್ತು. ಗೆಲ್ಲುವವರಿಗೇ ಹಾಕಿ ಮುಗಿಸು ಎಂದೆ.

"ಹೋದ ಸಲ ಸೋತ್ರಲ್ಲ, ಅವರು ಮಾರನೇ ದಿನ ಮನೆ ಮನೆಗೂ ಬಂದು ಕೈ ಮುಗಿದ್ರು. ನಾನು ಅವರಿಗೆ ಹಾಕಿರ್ಲಿಲ್ಲ ಕಣೋ. ಆದ್ರೂ ಕಾಫಿ ಕೊಟ್ಟೆ, ಕುಡಿದು ಹೋದ್ರು. ಗೆದ್ದವರು ಈ ಕಡೆ ತಲೆ ಹಾಕಿಲ್ಲ."

"ಈ ಸಲವೂ ಸೋಲ್ತಾರೆ ಅಕ್ಕ. ನಿನ್ನ ಓಟು ದಂಡ."

"ಸೋಲ್ಲಿ ಬಿಡು. ಎಣಿಸುವಾಗ ಒಂದಾದ್ರೂ ಜಾಸ್ತಿ ಕಾಣ್ಲಿ" ಎಂದವಳು ಎದ್ದು, ಸೀರೆ ಕೊಡವಿಕೊಂಡು ಸಾಲು ಸೇರಿದಳು.

ಯಾರಿಗೆ ಎಂಬುದನ್ನು ಮನೆಯಲ್ಲೇ ನಿರ್ಧರಿಸಿ ಹೊರಡುವುದು ನನ್ನ ರೂಢಿ. ಆ ದಿನ ಮಾತ್ರ ಶಿವಮೊಗ್ಗಕ್ಕೆ ಮರಳಿ, ಕೋಟೆಯ ಬಳಿಯ ನನ್ನ ಮತಗಟ್ಟೆಯ ಸಾಲಿನಲ್ಲಿ, ಚುನಾವಣೆ ಮುಗಿದ ಮೇಲೂ ನಮ್ಮ ಬೀದಿಗೆ ಬಂದವರು ಯಾರು ಎಂದು ಯೋಚಿಸುತ್ತಾ ನಿಂತೆ. ಹಿಂದಿದ್ದ ಇಬ್ಬರನ್ನು ಮುಂದೆ ಬಿಟ್ಟೆ. ಆಮೇಲೆ ಓಟು ಹಾಕಿ, ಮನೆಗೆ ಬಂದು ಸ್ಕೂಟರ್ ಒರೆಸಿ ನಿಲ್ಲಿಸಿದೆ.