ಹೈಡ್ರೋಜನ್ನಿಗೆ ಹೆದರಿ ಗಂಜಿ ನಿಲ್ಲಿಸಿದ್ದು

ಅಕ್ಕನಿಗೆ ಟೈಫಾಯ್ಡ್ ಎಂದು ಗೊತ್ತಾದ ದಿನ ನನಗೆ ಭಯಕ್ಕಿಂತ ಮೊದಲು ಬಂದದ್ದು ಜಂಬ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಸೇಲಂನ ಲ್ಯಾಬೊಂದರಲ್ಲಿ ಮೂರು ವರ್ಷದಿಂದ ನಾನು ತಲೆ ಕೆಡಿಸಿಕೊಂಡಿದ್ದದ್ದು ಆ ರೋಗಾಣುವಿನ ಬಳಗದ ಮೇಲೆಯೇ. ನಮ್ಮೂರು ಪಾಲಕೋಡಿನ ಹತ್ತಿರದ ತೋಟಗಳಲ್ಲಿ ಟೊಮೆಟೊ ಕಿತ್ತು ನನ್ನನ್ನು ಕಾಲೇಜಿಗೆ ಕಳಿಸಿದವಳು ಅಕ್ಕ. ಅವಳನ್ನು ನಾನು ಉಳಿಸದೆ ಇನ್ಯಾರು ಉಳಿಸಬೇಕು ಎಂದುಕೊಂಡು ಬಸ್ಸು ಹತ್ತಿದೆ.

ನಮ್ಮ ಲ್ಯಾಬಿನ ವಿಷಯ ಇಷ್ಟೇ. ನಾವು ತಿಂದದ್ದರಲ್ಲಿ ಅರಗದೆ ಉಳಿದದ್ದನ್ನು ಕರುಳಿನ ಸಾಧು ಬ್ಯಾಕ್ಟೀರಿಯಾಗಳು ಹುಳಿಸಿ ಹೈಡ್ರೋಜನ್ ಅನಿಲ ಬಿಡುತ್ತವೆ. ಹೊರಗಿನಿಂದ ನುಗ್ಗಿದ ರೋಗಾಣುವಿಗೆ ಅದೇ ಸೌದೆ. ಆ ಸೌದೆ ಉರಿಸುವ ಕಿಣ್ವಗಳು ಅದರ ಮೈಯಲ್ಲೇ ಇವೆ. ಅವನ್ನು ಕಿತ್ತುಹಾಕಿದ ರೋಗಾಣು ಇಲಿಯ ಕರುಳಿನಲ್ಲಿ ಸೊರಗುತ್ತಿತ್ತು. ಅಕ್ಕನ ಹೊಟ್ಟೆಯೊಳಗಿನ ರೋಗಾಣುವಿನಿಂದ ಕಿಣ್ವ ಕೀಳಲಾಗದು, ಸರಿ, ಸೌದೆಯನ್ನಾದರೂ ನಿಲ್ಲಿಸಬಹುದಲ್ಲ! ಹೀಗಿತ್ತು ನನ್ನ ಬುದ್ಧಿ.

ಮನೆಗೆ ಬಂದಾಗ ಅವ್ವ ಜವ್ವರಿಸಿ ಗಂಜಿ ಕಾಯಿಸುತ್ತಿದ್ದಳು. ಜ್ವರ ಬಂದವರಿಗೆ ಸೇಲಂ ಮಿಲ್ಲಿನ ಸಬ್ಬಕ್ಕಿಯನ್ನು ಕರಗುವಂತೆ ಬೇಯಿಸಿ, ಉಪ್ಪು ಹಾಕಿ ಕುಡಿಸುವುದು ನಮ್ಮ ವಾಡಿಕೆ.

"ಇಳ್ಸವ್ವ ಅದನ್ನ. ಗಂಜಿ, ರಾಗಿ ಕಳಿ, ಬಾಳೆಹಣ್ಣು ಏನೂ ಬ್ಯಾಡ. ಡಾಕ್ಟ್ರು ಕೊಟ್ಟ ಮಾತ್ರೆ, ನೀರು, ಅಷ್ಟೇ," ಎಂದೆ.

"ಅಯ್ಯೋ, ವಟ್ಟೆಗಿಲ್ದೆ ಜೀವ ಎಂಗ್ಲಾ ನಿಲ್ತೈತೆ?"

"ನೀನು ಉಣ್ಸೋದು ಅವ್ಳಿಗಲ್ಲ, ಒಳಗಿರೋ ಕ್ರಿಮಿಗೆ!" ಎಂದು ಕಿರುಚಿದೆ.

ಅವ್ವ ಪಾತ್ರೆ ಇಳಿಸಿದಳು. ಓದಿದವನ ಮಾತಿಗೆ ನಮ್ಮ ಮನೆಯಲ್ಲಿ ಎದುರು ಮಾತಿರಲಿಲ್ಲ.

ಎರಡು ದಿನ ಜ್ವರ ನೂರಮೂರರಿಂದ ಕೆಳಗೆ ಬರಲಿಲ್ಲ. ಗಂಟೆಗೊಮ್ಮೆ ಥರ್ಮಾಮೀಟರ್ ಇಡುತ್ತಿದ್ದೆ. ಅಕ್ಕನ ತುಟಿ ಒಡೆದು ರಕ್ತ ಒಸರಿತು. ಹಸಿವಾಗುತ್ತಿದೆಯಾ ಎಂದರೆ, "ಇಲ್ಲ ಕಣ್ಲಾ, ಸುಮ್ಕಿರು" ಎನ್ನುತ್ತಿದ್ದಳು. ಎರಡನೆಯ ದಿನ ಸಂಜೆ ಅವ್ವ ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಲೋಟ ಗಂಜಿ ತಂದಳು. ಅಕ್ಕನೇ ಅದನ್ನು ತಳ್ಳಿದಳು.

"ಬ್ಯಾಡವ್ವ. ಅವ್ನು ಗೊತ್ತಿಲ್ದೆ ಏಳ್ತಾನಾ?"

ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ನನಗೆ ಸಂತೋಷವಾಯಿತು. ಆ ಸಂತೋಷಕ್ಕೆ ಬೆಂಕಿ ಬೀಳಲಿ.

ಮಾರನೆಯ ಬೆಳಗ್ಗೆ ಅಕ್ಕ ಬಚ್ಚಲಿಗೆ ಹೋಗುತ್ತ ಹೊಸಿಲ ಮೇಲೆ ಕುಸಿದಳು. ಮೈಯೆಲ್ಲ ತಣ್ಣನೆ ಬೆವರು, ಕೂಗಿದರೆ ಓಗೊಡಲಿಲ್ಲ. ಅವಳನ್ನು ಎತ್ತಿಕೊಂಡೆ, ತೀರ ಹಗುರವಾಗಿದ್ದಳು. ಆಟೋದಲ್ಲಿ ಅವ್ವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಸತ್ತರೆ ನಾನೇ ಕೊಂದ ಹಾಗೆ ಎಂಬುದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ಪಾತಾಳಕ್ಕಿಳಿದಿದೆ ಎಂದರು. ಡ್ರಿಪ್ ಹಾಕಿದರು. ಅಕ್ಕ ಕಣ್ಣು ಬಿಟ್ಟ ಮೇಲೆ ಡಾಕ್ಟರಮ್ಮ ಬಂದು, ಯಾಕೆ ಏನೂ ತಿಂದಿಲ್ಲ ಎಂದು ತಮಿಳಿನಲ್ಲಿ ಗದರಿಸಿದರು.

"ಪುಡಿಕ್ಕಲೆ, ಡಾಕ್ಟರ್," ಎಂದಳು ಅಕ್ಕ. ತಿನ್ನಲು ಮನಸ್ಸಾಗಲಿಲ್ಲ, ಅಂತ.

ಡಾಕ್ಟರಮ್ಮ ಅವಳನ್ನು ಚೆನ್ನಾಗಿ ಬೈಯತೊಡಗಿದರು. ನನಗೆ ತಡೆಯಲಾಗಲಿಲ್ಲ. ನಿಲ್ಲಿಸಿದವನು ನಾನು ಎಂದೆ. ಲ್ಯಾಬು, ಹೈಡ್ರೋಜನ್ನು, ಕಿಣ್ವ, ಇಲಿ ಎಲ್ಲವನ್ನೂ ತೊದಲುತ್ತ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು. "ಆ ಇಲಿಗಳಿಗೆ ಊಟ ನಿಲ್ಲಿಸಿದ್ದಿರಾ?"

ಇಲ್ಲ. ದಿನಾ ಬೆಳಗ್ಗೆ ಅವುಗಳ ಪೆಟ್ಟಿಗೆಗೆ ತುಂಬ ತಿಂಡಿ ಹಾಕುತ್ತಿದ್ದವನು ನಾನೇ. ಇಲ್ಲವೆಂದು ತಲೆಯಾಡಿಸಿದೆ. ಅವರು ಗಂಜಿ ಕೊಡಿ ಎಂದು ಅವ್ವನಿಗೆ ಹೇಳಿ ಹೋದರು.

ಅಕ್ಕ ಸೂಜಿ ಚುಚ್ಚಿದ ಕೈಯಿಂದಲೇ ನನ್ನ ಅಂಗಿ ಎಳೆದಳು. ದನಿ ಏಳುತ್ತಿರಲಿಲ್ಲ, ಆದರೂ ಸಿಟ್ಟು ಪೂರ್ತಿ ಇತ್ತು.

"ಆ ಡಾಕ್ಟ್ರಮ್ಮನ ಮುಂದೆ ಯಾಕ್ಲಾ ಬಾಯ್ ಬಿಟ್ಟೆ? ಬೈಗುಳ ನಂಗೇ ಬಿದ್ದಿದ್ರೆ ಏನಾಗ್ತಿತ್ತು? ನಾನು ಟೊಮೆಟೊ ಕೀಳೋಳು. ನೀನು ಓದಿರೋನು."