ಗುಂಡಪ್ಪನಿಗೊಂದು ಜೋಗುಳ

ನನ್ನ ದನಿಯ ಬಗ್ಗೆ ನನಗೆ ಭ್ರಮೆಯಿಲ್ಲ. ಮಗಳು ಕೂಸಾಗಿದ್ದಾಗ ಒಮ್ಮೆ ಜೋಗುಳ ಹಾಡಲು ಹೋದೆ. ನಿದ್ದೆ ಹತ್ತುತ್ತಿದ್ದ ಕೂಸು ಎಚ್ಚೆತ್ತು ಅಳತೊಡಗಿತು. ಅತ್ತೆಯವರು ಬಂದು ತೊಟ್ಟಿಲ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡರು. ಇಂಥವನನ್ನೇ ಕಲಘಟಗಿಯ ನಮ್ಮ ಕಾಲೇಜು, ಪೋಲೆಂಡಿನ ವಿದ್ಯಾರ್ಥಿಗಳೊಂದಿಗೆ ಆನ್‌ಲೈನಿನಲ್ಲಿ ಹಾಡು ಕಲಿತು ಕಲಿಸುವ ಕಾರ್ಯಕ್ರಮಕ್ಕೆ ಮುಂದಾಳು ಮಾಡಿತು. ಇಂಗ್ಲಿಷ್ ಮಾಸ್ತರರಿಗೆ ಎಲ್ಲವೂ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ.

ಎರಡು ಸಲ ಭೇಟಿ ತಪ್ಪಿತ್ತು. ಒಮ್ಮೆ ನಮ್ಮಲ್ಲಿ ಕರೆಂಟು ಹೋಯಿತು, ಇನ್ನೊಮ್ಮೆ ಅವರಿಗೆ ರಜೆ. ಇದೇ ಕೊನೆಯದು, ಆಮೇಲೆ ಪರೀಕ್ಷೆ ಎಂದು ಅಲ್ಲಿನ ಅಧ್ಯಾಪಕಿ ಬರೆದಿದ್ದರು. ದುಮ್ಮವಾಡದಿಂದ ಬರುವ ನಮ್ಮ ವಿದ್ಯಾರ್ಥಿನಿ ಶಿವಲೀಲಾ ಮೂರು ವಾರ ಅಜ್ಜಿಯ ಹತ್ತಿರ ಕುಳಿತು ಜೋಗುಳ ಕಲಿತಿದ್ದಳು. ಈ ಸಲವೂ ಅವಳ ಹಾಡು ಹಾಗೇ ಉಳಿದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಚೆಂದ ಕಾಣಲೆಂದು ಊರಿನ ಬಣ್ಣದ ತೊಟ್ಟಿಲೊಂದನ್ನು ಎರವಲು ತಂದು ಕ್ಯಾಮೆರಾದ ಮುಂದೆ ತೂಗುಹಾಕಿದೆ.

ಪರದೆಯ ಮೇಲೆ ಹನ್ನೆರಡು ಮುಖಗಳು ಮೂಡಿದವು. ಶಿವಲೀಲಾ ಹಗ್ಗ ಮುಟ್ಟಲೊಲ್ಲಳು.

“ಖಾಲಿ ತೊಟ್ಟಿಲಾ ತೂಗಬಾರದ್ರಿ ಸರ್. ಕೂಸಿಗೆ ಛಲೋ ಅಲ್ಲಂತ.”

“ಇಲ್ಲಿ ಕೂಸ ಎಲ್ಲೈತವಾ?”

“ಅದಕ್ಕ ಒಲ್ಲೆ ಅನ್ನಾಕತ್ತೀನ್ರಿ.”

ತೂಗದೆಯೇ ಹಾಡು ಎಂದೆ. ಕೈ ಆಡದಿದ್ದರೆ ಹಾಡು ನೆನಪಾಗುವುದಿಲ್ಲವಂತೆ. ಜೋಗುಳದ ಲಯ, ತಾಯಿಯ ಉಸಿರು ಎಂದೆಲ್ಲ ಹಿಂದೊಮ್ಮೆ ಉದ್ದದ ಲೇಖನ ಬರೆದವನು ನಾನು. ತೊಟ್ಟಿಲಲ್ಲಿ ಯಾರಾದರೂ ಇರಬೇಕು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಚಹಾ ತಂದಿದ್ದ ಕ್ಯಾಂಟೀನಿನ ನೀಲವ್ವ, “ತಡೀರಿ, ಗುಂಡಪ್ಪ ಅದಾನಲ್ಲ” ಎಂದು ಹೋಗಿ ಚಟ್ನಿ ಅರೆಯುವ ಗುಂಡುಕಲ್ಲನ್ನು ತೊಳೆದು ತಂದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವುದು ನಮ್ಮ ಕಡೆಯ ರೂಢಿ. ಅವನೇ ಗುಂಡಪ್ಪ. ಶಿವಲೀಲಾ ತನ್ನ ದುಪಟ್ಟಾ ಸುತ್ತಿ ಅವನನ್ನು ಮಲಗಿಸಿದಳು, ಹಗ್ಗ ಹಿಡಿದಳು, ಹಾಡಿದಳು. ನನ್ನ ಎದೆಯ ಮೇಲಿನ ಕಲ್ಲು ತೊಟ್ಟಿಲಿಗೆ ಇಳಿಯಿತು. ಅಷ್ಟು ಹಗುರಾಗಿ ನಾನು ಉಸಿರು ಬಿಟ್ಟು ಎಷ್ಟೋ ದಿನವಾಗಿತ್ತು.

ವಿಷಯ ತಿಳಿಸಿದಾಗ ಪೋಲೆಂಡಿನವರು ನಗಲಿಲ್ಲ. ಸಾಲು ಸಾಲಾಗಿ ಜೋಗುಳ ಕಲಿತರು. ಆಮೇಲೆ ದನಿ ತಗ್ಗಿಸಿ ತಮ್ಮ ಜೋಗುಳವನ್ನೂ ಗುಂಡಪ್ಪನಿಗೇ ಹಾಡಿದರು. ಕೊನೆಗೆ ಅಧ್ಯಾಪಕರೂ ಹಾಡಬೇಕೆಂದು ಹಟ ಹಿಡಿದರು. ಬೇರೆ ದಾರಿಯಿಲ್ಲದೆ ನಾನು ಹಗ್ಗ ಹಿಡಿದೆ. ಹಾಡು ಮುಗಿದಾಗ ಅಧ್ಯಾಪಕಿ ಪಿಸುದನಿಯಲ್ಲಿ, ಮಗು ಎದ್ದಿತೇ ಎಂದು ಕೇಳಿದರು.

ಶಿವಲೀಲಾ ತೊಟ್ಟಿಲೊಳಗೆ ಇಣುಕಿ ನೋಡಿದಳು. “ಇಲ್ರಿ ಸರ್. ಮಲಗ್ಯಾನ.”

ನನ್ನ ಹಾಡಿಗೆ ಮಲಗಿದವನು ಈ ಲೋಕದಲ್ಲಿ ಅವನೊಬ್ಬನೇ. ಕರೆ ಮುಗಿದು ಪರದೆ ಕಪ್ಪಾದ ಮೇಲೂ ಇನ್ನೊಂದಿಷ್ಟು ಹೊತ್ತು ತೂಗುತ್ತಲೇ ನಿಂತಿದ್ದೆ. ಯಾರೂ ಹಗ್ಗ ಕೇಳಲಿಲ್ಲ.